ಎಲ್ಲಿ ಕತ್ತರಿಸಬೇಕು? ಬದಲಾಗುವ ಗ್ರಾಹಕರಿಗೆ ಮಾಡ್ಯುಲರ್ ಉತ್ಪನ್ನ ಕಟ್ಟುವ ಬಗೆ

ನಾಲ್ಕು ಸ್ಕ್ರೂ ಬಿಚ್ಚಿದರೆ ಬ್ಯಾಟರಿ ಹೊರಗೆ ಬರಬೇಕು ಅನ್ನುವುದು ನಮ್ಮ ಲೆಕ್ಕವಾಗಿತ್ತು. ಬಂತು ಕೂಡ. ಹೊಸ ಬ್ಯಾಟರಿ ಹಾಕಿ, ಮುಚ್ಚಳ ಕೂರಿಸಿ, ತಟ್ಟೆಯ ಮೇಲೆ 20 ಕೆಜಿ ತೂಕದ ಕಲ್ಲು ಇಟ್ಟರೆ ಡಿಸ್‌ಪ್ಲೇಯಲ್ಲಿ 19.99 ಕಾಣಿಸಿತು. ಮತ್ತೊಮ್ಮೆ ಬಿಚ್ಚಿ ಹಾಕಿದೆವು, 20.00. ಮೂರನೇ ಸಲ ಮತ್ತೆ 19.99. ಬ್ಯಾಟರಿಗೂ ತೂಕಕ್ಕೂ ಏನು ಸಂಬಂಧ?

ಅದು ಅಂಗಡಿಯವರು ಬಳಸುವ ಎಲೆಕ್ಟ್ರಾನಿಕ್ ತಕ್ಕಡಿ. ಒಬ್ಬರಿಗೆ ದೊಡ್ಡ ತಟ್ಟೆ ಬೇಕು, ಇನ್ನೊಬ್ಬರಿಗೆ ಪ್ರಿಂಟರ್, ಮತ್ತೊಬ್ಬರಿಗೆ ಇಡೀ ದಿನ ಬರುವ ಬ್ಯಾಟರಿ. ಎಲ್ಲವನ್ನೂ ಬಿಡಿಬಿಡಿ ಮಾಡಿದರೆ ಯಾರಿಗೆ ಏನು ಬೇಕೋ ಜೋಡಿಸಿ ಕೊಡಬಹುದು ಅಂದುಕೊಂಡು ಸಿಕ್ಕಿದ ಕಡೆಯೆಲ್ಲ ಕನೆಕ್ಟರ್ ಹಾಕಿದ್ದೆವು. ಬಿಡಿ ಮಾಡುವುದೇ ಮಾಡ್ಯುಲರ್ ವಿನ್ಯಾಸ ಅನ್ನುವ ಭ್ರಮೆ ಅದು. ಎಲ್ಲಿ ಕತ್ತರಿಸಬಾರದು ಅನ್ನುವುದು ಗೊತ್ತಿದ್ದರೆ ಮಾತ್ರ ಎಲ್ಲಿ ಕತ್ತರಿಸಬೇಕು ಅನ್ನುವುದು ಗೊತ್ತಾಗುತ್ತದೆ. ಅದೇ ತಕ್ಕಡಿಯನ್ನು ಮುಂದಿಟ್ಟುಕೊಂಡು ಆ ಕೆಲಸವನ್ನು ಹಂತ ಹಂತವಾಗಿ ಹೇಳುತ್ತೇನೆ. ನೀವು ಮಾಡುತ್ತಿರುವುದು ಪೀಠೋಪಕರಣವೋ ಪಂಪೋ ಸಾಫ್ಟ್‌ವೇರೋ ಆಗಿದ್ದರೂ ಹಂತಗಳು ಹೆಚ್ಚುಕಮ್ಮಿ ಇವೇ.

ಹಂತ 1: ಬದಲಾವಣೆಗಳ ಪಟ್ಟಿ ಮಾಡಿ

ಸಾಮಾನ್ಯವಾಗಿ ಎಲ್ಲರೂ ಶುರುಮಾಡುವುದು ಉತ್ಪನ್ನದಲ್ಲಿ ಏನೇನು ಇರಬೇಕು ಅನ್ನುವ ಪಟ್ಟಿಯಿಂದ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬೇಕಾಗಿರುವುದು ಏನೇನು ಬದಲಾಗುತ್ತದೆ ಅನ್ನುವ ಪಟ್ಟಿ.

ಗ್ರಾಹಕರನ್ನು ಕೂರಿಸಿಕೊಂಡು "ಮುಂದೆ ನಿಮಗೆ ಏನು ಬೇಕಾಗಬಹುದು?" ಎಂದು ಕೇಳಿದರೆ ನಿಮ್ಮ ಮನಸ್ಸು ನೋಯಬಾರದೆಂದು ಏನಾದರೂ ಹೇಳುತ್ತಾರೆ. ಅದರ ಬದಲು ಅವರು ಈಗಾಗಲೇ ಏನು ಮಾಡಿಕೊಂಡಿದ್ದಾರೆ ನೋಡಿ. ಒಂದು ಕಡೆ ತಕ್ಕಡಿಯ ಬೆನ್ನಿಗೆ ಟೇಪ್ ಸುತ್ತಿ ಪವರ್ ಬ್ಯಾಂಕ್ ಕಟ್ಟಿದ್ದರು. ಇನ್ನೊಂದು ಕಡೆ ಗುಂಡುತಳದ ಪಾತ್ರೆ ನಿಲ್ಲಲೆಂದು ತಟ್ಟೆಯನ್ನು ಬೋರಲು ಹಾಕಿಕೊಂಡಿದ್ದರು. ಟೇಪು, ದಾರ, ಮರದ ಚಕ್ಕೆ, ಕೈಬರಹದ ಚೀಟಿ ಅಂಟಿಸಿದ ಜಾಗಗಳನ್ನೆಲ್ಲ ಫೋಟೊ ತೆಗೆದುಕೊಳ್ಳಿ. ಯಾವ ಸಮೀಕ್ಷೆಯೂ ಕೊಡದ ಉತ್ತರ ಅಲ್ಲಿರುತ್ತದೆ. ಆಮೇಲೆ ರಿಪೇರಿ ರಿಜಿಸ್ಟರ್ ತೆರೆಯಿರಿ. ಮಾರಾಟದವರಿಗೆ ಬರುವ "ಇದಕ್ಕೆ ಅದು ಹಾಕೋಕೆ ಆಗುತ್ತಾ?" ಅನ್ನುವ ಪ್ರಶ್ನೆಗಳನ್ನು ಒಂದು ತಿಂಗಳು ಬರೆದಿಡಲು ಹೇಳಿ. ಆರ್ಡರ್ ಕೈತಪ್ಪಿದ್ದು ಯಾಕೆ ಅನ್ನುವುದೂ ಅದೇ ಪಟ್ಟಿಗೆ ಸೇರಲಿ.

ಪಟ್ಟಿಯ ಪ್ರತಿ ಸಾಲಿಗೂ ಈ ಬದಲಾವಣೆ ಯಾವ ಜಾತಿಯದು ಎಂದು ಗುರುತು ಹಾಕಿ. ಗ್ರಾಹಕರಿಂದ ಗ್ರಾಹಕರಿಗೆ ಬೇರೆಯಾಗುವಂಥದು ಆಯ್ಕೆ. ತಟ್ಟೆಯ ಅಳತೆ ಅಂಥದ್ದು. ಬಳಸಿದಂತೆ ಹಾಳಾಗುವಂಥದು ಸವೆತ. ಬ್ಯಾಟರಿ, ಕೀಪ್ಯಾಡ್ ಅಂಥವು. ವ್ಯಾಪಾರ ದೊಡ್ಡದಾದಂತೆ ಅದೇ ಗ್ರಾಹಕ ಕೇಳುವಂಥದು ಬೆಳವಣಿಗೆ. ಪ್ರಿಂಟರ್, ಬಿಲ್ಲಿಂಗ್ ಕಂಪ್ಯೂಟರಿಗೆ ಜೋಡಣೆ. ನಾವೂ ಅಲ್ಲ, ಗ್ರಾಹಕನೂ ಅಲ್ಲ, ಹೊರಗಿನವರು ಹೇರುವಂಥದು ನಿಯಮ. ಇದನ್ನು ಹಗುರವಾಗಿ ನೋಡಬೇಡಿ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ ಯುಎಸ್‌ಬಿ ಟೈಪ್-ಸಿ ಚಾರ್ಜಿಂಗ್ ಕಡ್ಡಾಯವಾಯಿತು. ಚಾರ್ಜಿಂಗ್ ತೂತನ್ನು ಮುಖ್ಯ ಬೋರ್ಡಿಗೇ ಬೆಸೆದವರು ಇಡೀ ಬೋರ್ಡನ್ನು ಮತ್ತೆ ವಿನ್ಯಾಸ ಮಾಡಬೇಕು. ಅದನ್ನು ಪುಟ್ಟ ಬೇರೆ ಬೋರ್ಡಿನಲ್ಲಿ ಇಟ್ಟವರಿಗೆ ಆ ಬೋರ್ಡು ಬದಲಿಸಿದರೆ ಕೆಲಸ ಮುಗಿಯಿತು.

ಜಾತಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಬದಲಿಸುವವರು ಯಾರು? ಕಾರ್ಖಾನೆಯಲ್ಲಿ ಜೋಡಿಸುವವರೋ, ರಿಪೇರಿಯವರೋ, ಗ್ರಾಹಕರೋ? ಕಾರ್ಖಾನೆಯಲ್ಲಿ ಮಾತ್ರ ಬದಲಾಗುವ ಭಾಗಕ್ಕೆ ನಾಲ್ಕು ಸ್ಕ್ರೂ, ಒಂದು ಸಾದಾ ವೈರ್ ಕನೆಕ್ಟರ್ ಸಾಕು. ಗ್ರಾಹಕ ಬದಲಿಸುವ ಭಾಗವನ್ನು ಕತ್ತಲಲ್ಲಿ, ಒದ್ದೆ ಕೈಯಲ್ಲಿ, ತಿರುಗುಮುರುಗಾಗಿ ತುರುಕಿದರೂ ಏನೂ ಸುಡಬಾರದು. ಎರಡಕ್ಕೂ ತಗಲುವ ಖರ್ಚು ಒಂದೇ ಅಲ್ಲ. ಈ ಕಾಲಂ ಇಲ್ಲದೆ ಮುಂದೆ ಹೋದರೆ ಎಲ್ಲ ಭಾಗಗಳಿಗೂ ದುಬಾರಿ ಕನೆಕ್ಟರ್ ಹಾಕಿಬಿಡುತ್ತೀರಿ.

ಕೊನೆಗೆ ಬದಲಾಗದೆ ಉಳಿಯುವುದನ್ನೂ ಬರೆಯಿರಿ. ತಕ್ಕಡಿಯಲ್ಲಿ ಅದು ತೂಗುವ ಕೆಲಸವೇ. ಭಾರ ಬಿದ್ದಾಗ ಒಂದು ಅಲ್ಯೂಮಿನಿಯಂ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗನ್ನು ಅಳೆಯುತ್ತೇವೆ. ಪ್ರಿಂಟರ್ ಬರಲಿ ಬಿಡಲಿ, ಇದು ಹಾಗೇ ಇರುತ್ತದೆ.

ಹಂತ 2: ಯಾವುದು ಯಾವುದಕ್ಕೆ ಅಂಟಿಕೊಂಡಿದೆ?

ಭಾಗಗಳ ಹೆಸರನ್ನು ಒಂದು ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಬರೆದು ಚೌಕ ಹಾಕಿ. ನಮ್ಮದರಲ್ಲಿ ಹತ್ತು ಭಾಗ: ತಟ್ಟೆ, ಚೌಕಟ್ಟು, ಲೋಡ್ ಸೆಲ್ (ಬಾಗುವ ಆ ಅಲ್ಯೂಮಿನಿಯಂ ತೊಲೆ), ಅದರ ಸಿಗ್ನಲನ್ನು ಅಂಕಿಯಾಗಿಸುವ ಎಡಿಸಿ ಚಿಪ್, ಮುಖ್ಯ ಬೋರ್ಡ್, ಡಿಸ್‌ಪ್ಲೇ, ಕೀಪ್ಯಾಡ್, ಬ್ಯಾಟರಿ, ಚಾರ್ಜಿಂಗ್ ಸರ್ಕ್ಯೂಟ್, ಪ್ರಿಂಟರ್. ಎರಡು ಭಾಗಗಳ ನಡುವೆ ಬಲ, ವಿದ್ಯುತ್, ಸಿಗ್ನಲ್, ಶಾಖ, ಜಾಗ, ಇವುಗಳಲ್ಲಿ ಯಾವುದಾದರೂ ಹಾದುಹೋಗುತ್ತಿದ್ದರೆ ಆ ಮನೆಯಲ್ಲಿ ಗುರುತು ಹಾಕಿ. ಇದಕ್ಕೆ ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಬರೆದು ಬಳಕೆಗೆ ತಂದ ವಿಧಾನ. ಇದಕ್ಕೆಂದೇ ಸಾಫ್ಟ್‌ವೇರ್ ಇದೆ, ಆದರೆ ಹತ್ತು ಹದಿನೈದು ಭಾಗಕ್ಕೆ ಪೆನ್ಸಿಲ್ಲೇ ಚೆನ್ನ.

ಸಿಗ್ನಲ್ಲು, ವಿದ್ಯುತ್ತು ಎಲ್ಲರ ಕಣ್ಣಿಗೂ ಬೀಳುತ್ತವೆ. ಕೈಕೊಡುವುದು ಶಾಖ ಮತ್ತು ಜಾಗ. ನಾವು ಹಾಳೆ ತುಂಬುವಾಗ ಚಾರ್ಜಿಂಗ್ ಸರ್ಕ್ಯೂಟಿಗೂ ಲೋಡ್ ಸೆಲ್ಲಿಗೂ ನಡುವಿನ ಮನೆ ಖಾಲಿ ಬಿಟ್ಟಿದ್ದೆವು, ಅವೆರಡರ ನಡುವೆ ಒಂದೂ ವೈರಿಲ್ಲವಲ್ಲ. ಆದರೆ ಚಾರ್ಜ್ ಆಗುವಾಗ ಆ ಬೋರ್ಡು ಬಿಸಿಯಾಗುತ್ತದೆ, ಪಕ್ಕದಲ್ಲಿದ್ದ ಲೋಡ್ ಸೆಲ್ ಬೆಚ್ಚಗಾಗುತ್ತದೆ, ಏನೂ ಇಡದೆಯೇ ಸೊನ್ನೆ ಜರುಗುತ್ತದೆ. ಪ್ರಿಂಟರಿನ ಕಾಗದದ ಬಾಗಿಲು ದೊಡ್ಡ ತಟ್ಟೆಗೆ ತಾಗುತ್ತಿತ್ತು. ಅದೂ ಒಂದು ಸಂಬಂಧವೇ.

ಗುರುತುಗಳೆಲ್ಲ ಬಿದ್ದ ಮೇಲೆ ಸಾಲುಗಳ ಕ್ರಮವನ್ನು ಬದಲಿಸುತ್ತಾ ಹೋಗಿ, ಹೆಚ್ಚು ಗುರುತಿರುವ ಭಾಗಗಳು ಅಕ್ಕಪಕ್ಕ ಬರಲಿ. ಕೆಲವು ಗುಂಪುಗಳು ತಾವಾಗಿ ಮೂಡುತ್ತವೆ. ಮೊದಲ ಹಂತದ ಪಟ್ಟಿ ನೋಡಿಕೊಂಡು ಬೇಗ ಬದಲಾಗುವ ಭಾಗಗಳಿಗೆ ಕೆಂಪು, ನಿಧಾನಕ್ಕೆ ಬದಲಾಗುವವಕ್ಕೆ ನೀಲಿ ಬಳಿಯಿರಿ. ಒಂದೇ ಗುಂಪಿನಲ್ಲಿ ಕೆಂಪೂ ನೀಲಿಯೂ ಬೆರೆತಿದ್ದರೆ ನಿಮ್ಮ ಕೆಲಸ ಇರುವುದು ಅಲ್ಲೇ.

ಹಂತ 3: ಕತ್ತರಿಸುವ ಗೆರೆ

ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಎರಡು ಮಾಡ್ಯೂಲ್, ಅಂದರೆ ಬಿಡಿಸಿ ಬದಲಿಸಬಹುದಾದ ಎರಡು ಭಾಗ, ಕೂಡುವ ಜಾಗಕ್ಕೆ ಎಂಜಿನಿಯರುಗಳು ಇಂಟರ್‌ಫೇಸ್ ಅನ್ನುತ್ತಾರೆ. ನಾನು ಕೀಲು ಅನ್ನುತ್ತೇನೆ, ಅದು ಮಾಡುವ ಕೆಲಸ ಆ ಹೆಸರಿನಲ್ಲೇ ಇದೆ.

ಈಗ ಆ 19.99ಕ್ಕೆ ಬರೋಣ. ಬ್ಯಾಟರಿ ತೆಗೆಯಬೇಕಾದರೆ ದಾರಿಗಡ್ಡವಾಗಿದ್ದ ಲೋಡ್ ಸೆಲ್ಲಿನ ವೈರನ್ನು ಕನೆಕ್ಟರಿನಿಂದ ಕಿತ್ತು ಮತ್ತೆ ಸಿಕ್ಕಿಸಬೇಕಿತ್ತು. ಲೋಡ್ ಸೆಲ್ ಕೊಡುವ ಸಿಗ್ನಲ್ ಎಷ್ಟು ಗೊತ್ತೇ? 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಸಾಧಾರಣವಾಗಿ 10 ಮಿಲಿವೋಲ್ಟ್. 30 ಕೆಜಿ ತಕ್ಕಡಿಯಲ್ಲಿ 10 ಗ್ರಾಂಗೊಂದು ಮೆಟ್ಟಿಲು ಅಂದರೆ 3000 ಮೆಟ್ಟಿಲು. ಒಂದು ಮೆಟ್ಟಿಲಿಗೆ ಸಿಗುವುದು ಸುಮಾರು 3.3 ಮೈಕ್ರೋವೋಲ್ಟ್. ಲೋಡ್ ಸೆಲ್ಲಿನೊಳಗಿನ ರೆಸಿಸ್ಟೆನ್ಸ್ 350 ಓಮ್. ಕನೆಕ್ಟರ್ ಸರಿಯಾಗಿ ಕೂರದೆ, ಅಥವಾ ಪಿನ್ನಿಗೆ ತುಸು ಕಿಲುಬು ಹಿಡಿದು, ವಿದ್ಯುತ್ ಹೋಗುವ ದಾರಿಯಲ್ಲಿ 0.1 ಓಮ್ ಹೆಚ್ಚಾಯಿತು ಅನ್ನಿ. 30 ಕೆಜಿಗೆ ಎಂಟೂವರೆ ಗ್ರಾಂ ಹತ್ತಿರ ಕಡಿಮೆ ತೋರಿಸುತ್ತದೆ. ಅದೂ ಪ್ರತಿ ಸಲ ಸಿಕ್ಕಿಸಿದಾಗ ಬೇರೆ ಬೇರೆ.

ಉತ್ಪನ್ನದ ಅತಿ ನಾಜೂಕಾದ ಜಾಗದಲ್ಲಿ ನಾವು ಕತ್ತರಿ ಆಡಿಸಿದ್ದೆವು. ಒಳ್ಳೆಯ ಕನೆಕ್ಟರ್ ಕೊಂಡು ಹಾಕಿದ್ದರೆ ಸ್ವಲ್ಪ ಸುಧಾರಿಸುತ್ತಿತ್ತು, ಅಷ್ಟೆ. ಗೆರೆಯನ್ನೇ ಸರಿಸಿದೆವು: ಎಡಿಸಿ ಚಿಪ್ಪನ್ನು ಮುಖ್ಯ ಬೋರ್ಡಿನಿಂದ ತೆಗೆದು ಲೋಡ್ ಸೆಲ್ಲಿನ ಪಕ್ಕದಲ್ಲೇ ಪುಟ್ಟ ಬೋರ್ಡಿನಲ್ಲಿ ಕೂರಿಸಿ, ನಾಲ್ಕೂ ವೈರುಗಳನ್ನು ಬೆಸೆದುಬಿಟ್ಟೆವು. ಆ ಬೋರ್ಡಿನಿಂದ ಹೊರಬರುವುದು ಡಿಜಿಟಲ್ ಅಂಕಿ. ಅಲ್ಲಿ 0.1 ಓಮ್ ಅಲ್ಲ, 10 ಓಮ್ ಬಂದರೂ ಒಂದು ಒಂದೇ, ಸೊನ್ನೆ ಸೊನ್ನೆಯೇ.

ಇದರಿಂದ ಮೊದಲ ನಿಯಮ ಸಿಗುತ್ತದೆ: ಹಾದುಹೋಗುವುದು ಗಟ್ಟಿಯಾಗಿರುವ ಕಡೆ ಕತ್ತರಿಸಿ. ಯಂತ್ರಭಾಗವಾದರೆ ಮೈಕ್ರಾನಿನಷ್ಟು ನಿಖರತೆ ಬೇಕಾದ ಕಡೆ ಬೇಡ, ಅರ್ಧ ಮಿಲಿಮೀಟರ್ ಆಚೀಚೆ ಆದರೂ ನಡೆಯುವ ಕಡೆ ಇರಲಿ. ಸಾಫ್ಟ್‌ವೇರಾದರೆ ಸೆಕೆಂಡಿಗೆ ಸಾವಿರ ಸಲ ಮಾತಾಡಿಕೊಳ್ಳುವ ಎರಡು ಭಾಗಗಳ ನಡುವೆ ಬೇಡ, ದಿನಕ್ಕೊಮ್ಮೆ ಲೆಕ್ಕ ಒಪ್ಪಿಸುವ ಕಡೆ ಇರಲಿ.

ಎರಡನೆಯದು ಬ್ಯಾಟರಿಯಿಂದ ಕಲಿತದ್ದು. ಮೊದಲು ಬ್ಯಾಟರಿ ಒಂದು ಮಾಡ್ಯೂಲ್ ಆಗಿತ್ತು, ಚಾರ್ಜಿಂಗ್ ಸರ್ಕ್ಯೂಟ್ ಮುಖ್ಯ ಬೋರ್ಡಿನಲ್ಲಿತ್ತು. 6 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇರುವತನಕ ತೊಂದರೆಯಿಲ್ಲ. ಲಿಥಿಯಂ ಬೇಕು ಅಂದಾಗ ಸಿಕ್ಕಿಬಿದ್ದೆವು. ಎರಡಕ್ಕೂ ಚಾರ್ಜ್ ಮಾಡುವ ವೋಲ್ಟೇಜ್ ಬೇರೆ, ನಿಲ್ಲಿಸುವ ಬಗೆ ಬೇರೆ. ತಪ್ಪಿದರೆ ಲಿಥಿಯಂ ಸೆಲ್ಲಿಗೆ ಬೆಂಕಿ ಹತ್ತಬಹುದು. ಹೆಸರಿಗೆ ಬ್ಯಾಟರಿ ಬದಲಿಸಬಹುದಿತ್ತು, ಆದರೆ ಬ್ಯಾಟರಿಯ ಗುಟ್ಟು ಬೋರ್ಡಿಗೂ ಗೊತ್ತಿರಬೇಕಾಗಿತ್ತು. ಈಗ ಬ್ಯಾಟರಿ, ಅದರ ಚಾರ್ಜಿಂಗ್ ಸರ್ಕ್ಯೂಟು ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಹೊರಗೆ ಬರುವುದು 5 ವೋಲ್ಟ್. ಒಳಗೆ ಏನಿದೆ ಅನ್ನುವುದು ಮುಖ್ಯ ಬೋರ್ಡಿಗೆ ಬೇಡದ ವಿಷಯ. ನಾಳೆ ಇನ್ಯಾವುದೋ ರಾಸಾಯನಿಕದ ಬ್ಯಾಟರಿ ಬಂದರೂ ಪೆಟ್ಟಿಗೆ ಬದಲಾಗುತ್ತದೆಯೇ ಹೊರತು ತಕ್ಕಡಿಯಲ್ಲ. ಆ ಪೆಟ್ಟಿಗೆಯನ್ನು ಲೋಡ್ ಸೆಲ್ಲಿನಿಂದ ದೂರದ ಮೂಲೆಗೆ ಹಾಕಿದ್ದರಿಂದ ಶಾಖದ ತಾಪತ್ರಯವೂ ಹೋಯಿತು.

ಸಾಫ್ಟ್‌ವೇರ್ ಓದಿದವರಿಗೆ ಇದು ಪರಿಚಿತ ಅನ್ನಿಸಬಹುದು. ಪ್ರೋಗ್ರಾಮನ್ನು ಕೆಲಸ ನಡೆಯುವ ಕ್ರಮದಲ್ಲಿ ಭಾಗ ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲಿನೊಳಗೆ ಮುಚ್ಚಿಡಿ ಎಂದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ವಾದಿಸಿದ್ದರು. ಬ್ಯಾಟರಿ ಪೆಟ್ಟಿಗೆಗೂ ಅದೇ ಮಾತು.

ಮೂರನೆಯದು, ನಿಯಮದ ಬೇಲಿ ಎಲ್ಲಿದೆಯೋ ಅಲ್ಲೇ ಕತ್ತರಿಸಲು ನೋಡಿ. ವ್ಯಾಪಾರದ ತಕ್ಕಡಿಗೆ ಬಹುತೇಕ ದೇಶಗಳಲ್ಲಿ ಪರಿಶೀಲನೆ, ಮುದ್ರೆ ಇರುತ್ತದೆ. ಮುದ್ರೆ ಒಡೆದರೆ ಮತ್ತೆ ಪರಿಶೀಲನೆ. ಬ್ಯಾಟರಿ ಬದಲಿಸಲು ಮುದ್ರೆ ಒಡೆಯಬೇಕಾದರೆ ಆ ಮಾಡ್ಯೂಲಿನಿಂದ ಏನು ಬಂತು? ಅಳೆಯುವ ಭಾಗ ಮುದ್ರೆಯ ಒಳಗೆ, ಉಳಿದದ್ದು ಹೊರಗೆ ಇರಬೇಕು.

ಈ ವಿಷಯದಲ್ಲಿ ಅಂತಾರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯ ಆರ್ 76 ಎಂಬ ಶಿಫಾರಸು ಎಲ್ಲ ವಿನ್ಯಾಸಕರೂ ಒಮ್ಮೆ ಕಣ್ಣಾಡಿಸಬೇಕಾದ್ದು. ತಕ್ಕಡಿಯನ್ನು ಮಾಡ್ಯೂಲುಗಳಾಗಿ ಪ್ರತ್ಯೇಕ ಪರೀಕ್ಷಿಸಲು ಅದು ಒಪ್ಪುತ್ತದೆ, ಜೊತೆಗೆ ಒಟ್ಟು ತಪ್ಪಿನ ಮಿತಿಯಲ್ಲಿ ಪ್ರತಿ ಮಾಡ್ಯೂಲಿಗೂ ಪಾಲು ಹಂಚುತ್ತದೆ. ಲೋಡ್ ಸೆಲ್ಲಿಗೆ 0.7, ಅಂಕಿ ತೋರಿಸುವ ಭಾಗಕ್ಕೆ 0.5, ಜೋಡಿಸುವ ಭಾಗಗಳಿಗೆ 0.5. ಕೂಡಿದರೆ ಒಂದನ್ನು ಮೀರಿತಲ್ಲ ಅನ್ನಬೇಡಿ. ಕೂಡಬೇಕಾದದ್ದು ವರ್ಗಗಳನ್ನು: 0.49, 0.25, 0.25, ಒಟ್ಟು 0.99. ಎಲ್ಲ ಭಾಗಗಳೂ ಒಟ್ಟಿಗೆ, ಒಂದೇ ದಿಕ್ಕಿಗೆ, ಪೂರ್ತಿ ತಪ್ಪುವುದು ಅಪರೂಪ ಅನ್ನುವುದು ಅದರ ಹಿಂದಿನ ತರ್ಕ. ನಿಮ್ಮ ಉತ್ಪನ್ನದಲ್ಲಿ ತೂಕದ ಬದಲು ಸದ್ದೋ, ಅದುರೋ, ವಿಳಂಬವೋ ಇರಬಹುದು. ಒಟ್ಟು ಮಿತಿಯನ್ನು ಹೀಗೆ ಮಾಡ್ಯೂಲುಗಳಿಗೆ ಮೊದಲೇ ಹಂಚಿಕೊಟ್ಟರೆ "ನನ್ನ ಭಾಗ ಸರಿಯಾಗಿದೆ, ನಿಮ್ಮದು ನೋಡಿಕೊಳ್ಳಿ" ಅನ್ನುವ ಜಗಳ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಸಣ್ಣ ಮಾತು. ಗೊತ್ತಿರುವ ತೂಕ ಇಟ್ಟು ತಕ್ಕಡಿಯನ್ನು ಸರಿಹೊಂದಿಸುವಾಗ ಸಿಗುವ ಕ್ಯಾಲಿಬ್ರೇಷನ್ ಅಂಕಿಗಳು ಎಲ್ಲಿ ಕೂರಬೇಕು? ಲೋಡ್ ಸೆಲ್ಲಿನ ಗುಣ ಹೇಳುವ ಅಂಕಿ ಲೋಡ್ ಸೆಲ್ಲಿನ ಜೊತೆಗೇ ಇರಬೇಕು. ಮುಖ್ಯ ಬೋರ್ಡಿನಲ್ಲಿಟ್ಟರೆ ಬೋರ್ಡು ಸುಟ್ಟ ದಿನ ತೂಕದ ನೆನಪೂ ಸುಟ್ಟುಹೋಗುತ್ತದೆ.

ಹಂತ 4: ಕೀಲಿನ ಹಾಳೆ ಬರೆದು ಮುದ್ರೆ ಒತ್ತಿ

ಪ್ರತಿ ಕೀಲಿಗೂ ಒಂದು ಪುಟ, ಒಂದೇ ಪುಟ. ಅಳತೆ ಮತ್ತು ಎಷ್ಟು ಆಚೀಚೆ ಆಗಬಹುದು, ಯಾವ ಪಿನ್ನಿನಲ್ಲಿ ಏನು, ಯಾರು ಯಾರಿಗೆ ವಿದ್ಯುತ್ ಕೊಡುತ್ತಾರೆ, ಎಷ್ಟರವರೆಗೆ, ಎಷ್ಟು ಬಿಸಿಯಾಗಬಹುದು, ಎಷ್ಟು ಭಾರ ಹೊರಬೇಕು, ಎಷ್ಟು ಸಲ ತೆಗೆದು ಹಾಕಿದರೂ ತಡೆಯಬೇಕು. ಕೊನೆಯದನ್ನು ಮರೆಯುವವರೇ ಹೆಚ್ಚು. ಯುಎಸ್‌ಬಿ ಟೈಪ್-ಸಿ ಕನೆಕ್ಟರಿನ ಬಾಳಿಕೆ 10,000 ಸಲ. ಹಳೆಯ ಅಗಲದ ಟೈಪ್-ಎಗೆ ನಿಗದಿಯಾದದ್ದು 1,500. ಪೆಟ್ಟಿಗೆಯೊಳಗೆ ಬಳಸುವ ಬಿಳಿ ಪ್ಲಾಸ್ಟಿಕ್ಕಿನ ವೈರ್ ಕನೆಕ್ಟರುಗಳಲ್ಲಿ ಹಲವು ಕೆಲವೇ ಹತ್ತು ಸಲಕ್ಕೆ ಮಾತ್ರ. ದಿನಾ ಬಿಚ್ಚುವ ಕಡೆ ಅದನ್ನು ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಸಡಿಲ.

ಸಾಧ್ಯವಾದರೆ ಹೊಸ ಕೀಲು ಕಂಡುಹಿಡಿಯಲೇ ಬೇಡಿ. ಫ್ರೇಮ್‌ವರ್ಕ್ ಕಂಪನಿ 2021ರಲ್ಲಿ ತಂದ ಲ್ಯಾಪ್‌ಟಾಪಿನಲ್ಲಿ ಪಕ್ಕದ ಪೋರ್ಟುಗಳನ್ನು ಗ್ರಾಹಕರೇ ಬದಲಿಸಬಹುದು. ಒಳಗಿನ ಗುಟ್ಟು ಏನೆಂದರೆ ಆ ಪೋರ್ಟುಗಳಿರುವ ಪುಟ್ಟ ಕಾರ್ಡುಗಳೆಲ್ಲ ಕೂರುವುದು ಸಾದಾ ಯುಎಸ್‌ಬಿ ಟೈಪ್-ಸಿ ಮೇಲೆ. ಮಾನಿಟರಿನ ಬೆನ್ನಿಗಿರುವ ನಾಲ್ಕು ಸ್ಕ್ರೂ ತೂತುಗಳ 75 ಅಥವಾ 100 ಮಿಲಿಮೀಟರ್ ಚೌಕವೂ ಹಾಗೇ, ವೇಸಾ ಎಂಬ ಸಾರ್ವತ್ರಿಕ ಅಳತೆ. ನಿಮ್ಮ ಡಿಸ್‌ಪ್ಲೇಗೆ ಅದೇ ತೂತು ಕೊಟ್ಟರೆ ಲೋಕದಲ್ಲಿರುವ ಸ್ಟ್ಯಾಂಡುಗಳೆಲ್ಲ ನಿಮ್ಮವೇ.

ವಿದ್ಯುತ್ತಿನ ವಿಷಯದಲ್ಲಿ ಯುಎಸ್‌ಬಿ 2.0 ಕಲಿಸುವ ಒಂದು ಮರ್ಯಾದೆ ಇದೆ. ಸಿಕ್ಕಿಸಿದ ಸಾಧನ ಮೊದಲು 100 ಮಿಲಿಆಂಪ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ತಾನು ಯಾರು, ಎಷ್ಟು ಬೇಕು ಎಂದು ಹೇಳಿ ಒಪ್ಪಿಗೆ ಪಡೆದ ಮೇಲೆ 500ರವರೆಗೆ. ನಿಮ್ಮ ಮಾಡ್ಯೂಲುಗಳೂ ಹಾಗೇ ಒಳಗೆ ಬಂದ ಕೂಡಲೇ ಹೆಸರು ಹೇಳಲಿ. ಇದಕ್ಕೆ ದೊಡ್ಡ ಚಿಪ್ ಬೇಕಿಲ್ಲ. ಒಂದು ಪಿನ್ನಿಗೆ ಒಂದು ರೆಸಿಸ್ಟರ್ ಹಾಕಿ, ಮಾಡ್ಯೂಲಿನ ಬಗೆಗೆ ತಕ್ಕಂತೆ ಅದರ ಓಮ್ ಅಂಕಿ ಬೇರೆ ಮಾಡಿದರೆ ಬೋರ್ಡು ಓದಿಕೊಳ್ಳುತ್ತದೆ. ಆವೃತ್ತಿ ಸಂಖ್ಯೆಯೂ ಬೇಕಾದರೆ ಸಣ್ಣದೊಂದು ಮೆಮೊರಿ ಚಿಪ್. ಅದೇ ಯುಎಸ್‌ಬಿ ಟೈಪ್-ಎ ಪ್ಲಗ್ಗಿನೊಳಗೆ ಇಣುಕಿ ನೋಡಿ: ಎರಡು ಬದಿಯ ವಿದ್ಯುತ್ ಪಿನ್ನುಗಳು ನಡುವಿನ ಡೇಟಾ ಪಿನ್ನುಗಳಿಗಿಂತ ಉದ್ದ. ಸಿಕ್ಕಿಸುವಾಗ ವಿದ್ಯುತ್ ಮೊದಲು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಅನ್ನುವ ಲೆಕ್ಕ. ಇಷ್ಟು ಯೋಚಿಸಿದವರು ಪ್ಲಗ್ಗನ್ನು ಯಾವ ಕಡೆಯಿಂದ ಸಿಕ್ಕಿಸಿದರೂ ಸರಿಹೋಗುವಂತೆ ಯಾಕೆ ಮಾಡಲಿಲ್ಲವೋ! ಅದಕ್ಕೆ 2014ರ ಟೈಪ್-ಸಿ ತನಕ ಕಾಯಬೇಕಾಯಿತು.

ಹಾಳೆ ಮುಗಿದ ಮೇಲೆ ಅದನ್ನು ತಿದ್ದುವುದು ಕಷ್ಟವಾಗಬೇಕು. ಮಾಡ್ಯೂಲಿನ ಒಳಗೆ ಯಾರು ಏನು ಬೇಕಾದರೂ ಬದಲಿಸಲಿ, ಕೀಲು ಮುಟ್ಟಬೇಕಾದರೆ ಎಲ್ಲರ ಸಹಿ ಬೇಕು. 1958ರಲ್ಲಿ ಪೇಟೆಂಟ್ ಆದ ಲೆಗೋ ಇಟ್ಟಿಗೆ ಇವತ್ತು ಕೊಂಡ ಇಟ್ಟಿಗೆಗೆ ಕೂರುವುದು ಈ ಹಟದಿಂದಲೇ.

ಹಂತ 5: ಎಷ್ಟು ಜಾಗ ಖಾಲಿ ಬಿಡಬೇಕು?

ಕೀಲನ್ನು ಗಟ್ಟಿ ಮಾಡಿದಷ್ಟೂ ಅದು ನಾಳೆ ಬಿಗಿಯಾಗುತ್ತದೆ. ಕ್ಯಾಮೆರಾ ಲೆನ್ಸಿನ ಮೌಂಟ್, ಅಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ, ಇದಕ್ಕೆ ಒಳ್ಳೆಯ ಪಾಠ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟಿನ ಬಾಯಿ 44 ಮಿಲಿಮೀಟರ್. ದಶಕಗಳ ಕಾಲ ಅದನ್ನೇ ಉಳಿಸಿಕೊಂಡಿತು, ಹಳೆಯ ಲೆನ್ಸ್ ಇದ್ದವರು ಖುಷಿಯಾಗಿದ್ದರು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಮೌಂಟನ್ನು ಬಿಟ್ಟು 54 ಮಿಲಿಮೀಟರಿನ, ಪೂರ್ತಿ ವಿದ್ಯುತ್ ಸಂಪರ್ಕದ ಇಎಫ್ ಮೌಂಟಿಗೆ ಜಿಗಿಯಿತು. ಹಳೆಯ ಲೆನ್ಸುಗಳು ಕೂರಲಿಲ್ಲ, ಕೊಂಡವರಿಗೆ ಸಿಟ್ಟು ಬಂತು. ಆದರೆ ದೊಡ್ಡ ಬಾಯಿಯ ಲೆನ್ಸ್ ಮಾಡಲು, ಲೆನ್ಸಿನೊಳಗೇ ಮೋಟಾರ್ ಇಡಲು ದಾರಿ ತೆರೆಯಿತು. ನಿಕಾನ್ ಕೊನೆಗೆ 2018ರಲ್ಲಿ 55 ಮಿಲಿಮೀಟರಿನ ಜಡ್ ಮೌಂಟ್ ತಂದು, ಹಳೆಯ ಲೆನ್ಸುಗಳಿಗೆ ಅಡಾಪ್ಟರ್ ಕೊಟ್ಟಿತು. ಯಾರು ಸರಿ? ಇಬ್ಬರೂ ಬೆಲೆ ತೆತ್ತರು, ಒಬ್ಬರು ಮೊದಲೇ, ಇನ್ನೊಬ್ಬರು ತಡವಾಗಿ.

ನಾನು ಪಾಲಿಸುವ ಲೆಕ್ಕ ಒರಟಾದದ್ದು. ಕನೆಕ್ಟರಿನಲ್ಲಿ ನಾಲ್ಕರಲ್ಲೊಂದು ಪಿನ್ ಖಾಲಿ. ವಿದ್ಯುತ್ತಿನಲ್ಲಿ ಇವತ್ತಿನ ಅಗತ್ಯದ ಒಂದೂವರೆ ಪಟ್ಟು. ಪೆಟ್ಟಿಗೆಯಲ್ಲಿ ಎತ್ತರದ ಕಡೆ ಮಾತ್ರ ಬೆಳೆಯಲು ಜಾಗ, ಅಗಲದಲ್ಲಿ ಬೇಡ. ಅದಕ್ಕಿಂತ ಹೆಚ್ಚು ಬಿಟ್ಟರೆ ಎಂದೂ ಬಾರದ ನೆಂಟರಿಗೆ ಕೋಣೆ ಕಟ್ಟಿಸಿದಂತೆ.

ಅತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಫೋನುಗಳ ಕಥೆ ನೋಡಿ. ಎಲ್ಲ ಭಾಗಗಳನ್ನೂ ಬದಲಿಸಬಹುದಾದ ಫೋನ್ ಎಂದು 2013ರಲ್ಲಿ ಘೋಷಣೆಯಾದ ಪ್ರಾಜೆಕ್ಟ್ ಆರಾ, 2016ರ ಹೊತ್ತಿಗೆ ಪ್ರೊಸೆಸರ್, ಡಿಸ್‌ಪ್ಲೇ, ಬ್ಯಾಟರಿಗಳನ್ನೆಲ್ಲ ಚೌಕಟ್ಟಿನೊಳಗೇ ಸೇರಿಸಿಕೊಂಡಿತ್ತು. ಅದೇ ವರ್ಷ ಗೂಗಲ್ ಅದನ್ನು ನಿಲ್ಲಿಸಿತು. ಪ್ರತಿ ಕೀಲೂ ದಪ್ಪ, ತೂಕ, ಖರ್ಚು ಕೂಡಿಸುತ್ತದೆ. ಕಿಸೆಯಲ್ಲಿಡುವ ವಸ್ತುವಿಗೆ ಅಷ್ಟು ಹೊರುವ ಶಕ್ತಿಯಿಲ್ಲ. 2016ರದೇ ಎಲ್‌ಜಿ ಜಿ5ರಲ್ಲಿ ಕೆಳಗಿನ ತುಂಡು ಬದಲಿಸಬೇಕಾದರೆ ಬ್ಯಾಟರಿಯೂ ಜೊತೆಗೇ ಹೊರಬರುತ್ತಿತ್ತು. ಫೋಟೊ ತೆಗೆಯುವ ತುಂಡು ಹಾಕುವಷ್ಟರಲ್ಲಿ ಫೋನ್ ಆಫ್. ಮೊಟೊ ಝಡ್ ಬೆನ್ನಿಗೆ ಅಯಸ್ಕಾಂತದಿಂದ ಅಂಟುವ ತುಂಡುಗಳನ್ನು ಕೊಟ್ಟಿತು. ಬಳಸಲು ಸಲೀಸು, ಆದರೆ ಹಳೆಯ ತುಂಡುಗಳು ಮುಂದಕ್ಕೂ ಕೂರಬೇಕೆಂಬ ಮಾತಿಗೆ ಕಟ್ಟುಬಿದ್ದು ಮುಂದಿನ ಮಾದರಿಗಳೂ ಹೆಚ್ಚುಕಡಿಮೆ ಅದೇ ಉದ್ದಗಲದಲ್ಲಿ ಉಳಿದವು. ಫೇರ್‌ಫೋನ್ ಮಾತ್ರ ಬೇರೆ ದಾರಿ ಹಿಡಿಯಿತು. 2015ರ ಅದರ ಎರಡನೇ ಮಾದರಿಯಲ್ಲಿ ಮಾಡ್ಯೂಲುಗಳ ಮುಖ್ಯ ಉದ್ದೇಶ ರಿಪೇರಿ. ಒಡೆಯುವ ಪರದೆ, ಸೊರಗುವ ಬ್ಯಾಟರಿ ಇಂಥವನ್ನು ಬಳಸುವವರೇ ಬಿಚ್ಚಬಹುದು. ಮೊದಲ ಹಂತದ ಭಾಷೆಯಲ್ಲಿ ಹೇಳುವುದಾದರೆ ಅವರು ಹಿಡಿದದ್ದು ಸವೆತವನ್ನು.

ಹಂತ 6: ಅಪರಿಚಿತರ ಕೈಗೆ ಕೊಡಿ

ಮಾದರಿ ಸಿದ್ಧವಾದ ಮೇಲೆ ಅದನ್ನು ಎಂದೂ ನೋಡದ ನಾಲ್ಕೈದು ಜನರನ್ನು ಕರೆದು, ಏನೂ ಹೇಳಿಕೊಡದೆ, ಒಂದು ಮಾಡ್ಯೂಲ್ ಬದಲಿಸಲು ಹೇಳಿ. ನೀವು ಬಾಯಿ ಬಿಡಬಾರದು. ಇದು ಹೇಳಿದಷ್ಟು ಸುಲಭವಲ್ಲ, ನನಗಂತೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕಾಯಿತು. ನಮ್ಮ ಬ್ಯಾಟರಿ ಪೆಟ್ಟಿಗೆಯನ್ನು ಮೊದಲು ಬಂದ ಹೆಂಗಸು ತಲೆಕೆಳಗಾಗಿ ಹಿಡಿದು, ಕೂರಲಿಲ್ಲವೆಂದು ಅಂಗೈಯಿಂದ ಒಂದೇಟು ಕೊಟ್ಟರು. ಕೂತಿತು! ಅವತ್ತೇ ಒಂದು ಮೂಲೆಯನ್ನು ಓರೆ ಕತ್ತರಿಸಿದೆವು. ಈಗ ತಲೆಕೆಳಗಾದರೆ ಪೆಟ್ಟಿಗೆ ಬಾಯಿಯೊಳಗೇ ಹೋಗುವುದಿಲ್ಲ.

ಅರ್ಧ ಸಿಕ್ಕಿಸಿ ಬಿಟ್ಟು ನೋಡಿ. ಆನ್ ಇರುವಾಗಲೇ ಕಿತ್ತು ನೋಡಿ. ಹಳೆಯ ಪ್ರಿಂಟರಿಗೆ ಹೊಸ ಬೋರ್ಡು, ಹೊಸ ಪ್ರಿಂಟರಿಗೆ ಹಳೆಯ ಬೋರ್ಡು ಹಾಕಿ ನೋಡಿ. ಜೋಡಿಗಳ ಸಂಖ್ಯೆ ಬೇಗ ಕೈಮೀರುತ್ತದೆ: ಮೂರು ತಟ್ಟೆ, ಎರಡು ಬ್ಯಾಟರಿ, ಎರಡು ಡಿಸ್‌ಪ್ಲೇ, ಪ್ರಿಂಟರ್ ಉಂಟು ಅಥವಾ ಇಲ್ಲ, ಇಷ್ಟಕ್ಕೇ 24. ಪ್ರತಿಯೊಂದಕ್ಕೂ ಎರಡು ಆವೃತ್ತಿ ಬಂದರೆ ಹೇಳುವುದೇ ಬೇಡ. ಎಲ್ಲವನ್ನೂ ಪರೀಕ್ಷಿಸಲು ಹೋಗಬೇಡಿ. ಯಾವ ಎರಡು ಮಾಡ್ಯೂಲ್ ತೆಗೆದುಕೊಂಡರೂ ಅವು ಕನಿಷ್ಠ ಒಂದು ಪರೀಕ್ಷೆಯಲ್ಲಿ ಜೊತೆಯಾಗಿ ಬರುವಂತೆ ಆರಿಸಿದರೆ ಈ 24ರ ಬದಲು ಆರೇ ಜೋಡಣೆ ಸಾಕು. ಮಾರುವಾಗಲೂ ಅಷ್ಟೇ. ಗ್ರಾಹಕರ ಮುಂದೆ 24 ಆಯ್ಕೆ ಹರಡಿದರೆ ಅವರು ಯೋಚಿಸಿ ಹೇಳುತ್ತೇನೆಂದು ಹೊರಡುತ್ತಾರೆ. ನಾಲ್ಕೈದು ಸಿದ್ಧ ಜೋಡಣೆ ತೋರಿಸಿ, ಉಳಿದದ್ದು ಕೇಳಿದವರಿಗೆ ಮಾತ್ರ.

ಹಂತ 7: ಗೋದಾಮು ಮತ್ತು ಜನ

ಗೋದಾಮಿನಲ್ಲಿ ಸಿದ್ಧ ತಕ್ಕಡಿಯ ಬದಲು ಮಾಡ್ಯೂಲುಗಳನ್ನು ಇಟ್ಟು, ಆರ್ಡರ್ ಬಂದ ಮೇಲೆ ಜೋಡಿಸಿ. ಎಚ್‌ಪಿ ಕಂಪನಿ ಡೆಸ್ಕ್‌ಜೆಟ್ ಪ್ರಿಂಟರುಗಳಿಗೆ ಮಾಡಿದ್ದು ಇದನ್ನೇ. ಎಲ್ಲ ದೇಶಗಳಿಗೂ ಒಂದೇ ಪ್ರಿಂಟರ್ ಕಳಿಸಿ, ಆಯಾ ದೇಶದ ಪವರ್ ಸಪ್ಲೈ ಮತ್ತು ಕೈಪಿಡಿಯನ್ನು ಅಲ್ಲಿನ ಗೋದಾಮಿನಲ್ಲಿ ಸೇರಿಸತೊಡಗಿತು. ಒಂದು ದೇಶದಲ್ಲಿ ಉಳಿದು ಇನ್ನೊಂದು ದೇಶದಲ್ಲಿ ಸಾಲದೆ ಹೋಗುವ ತಲೆನೋವು ಇಳಿಯಿತು.

ಜನರ ವಿಷಯ ಇನ್ನೂ ಚಿಕ್ಕದು. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯ ಮಾತುಕತೆಯ ಆಕಾರವನ್ನೇ ಪಡೆಯುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಒಂದು ಮಾಡ್ಯೂಲಿಗೆ ಎರಡು ತಂಡ ಇದ್ದರೆ ಅದರ ನಡುವೆ ನೀವು ಬಯಸದ ಇನ್ನೊಂದು ಕೀಲು ಹುಟ್ಟಿಕೊಳ್ಳುತ್ತದೆ. ಒಂದು ಮಾಡ್ಯೂಲಿಗೆ ಒಬ್ಬ ಯಜಮಾನ, ಕೀಲಿನ ಹಾಳೆಗಳಿಗೆಲ್ಲ ಇನ್ನೊಬ್ಬ.

ಹಂತ 8: ಮಾರಿದ ಮೇಲೆ

ಪ್ರತಿ ಮಾಡ್ಯೂಲಿನ ಮೇಲೂ ಅದರದೇ ಸೀರಿಯಲ್ ನಂಬರ್, ಕೀಲಿನ ಆವೃತ್ತಿ ಅಚ್ಚಾಗಲಿ. ತಕ್ಕಡಿಗೆ ಒಂದೇ ನಂಬರ್ ಕೊಟ್ಟು ಸುಮ್ಮನಾದರೆ, ಎರಡು ವರ್ಷದ ನಂತರ ರಿಪೇರಿಗೆ ಬಂದಾಗ ಒಳಗಿರುವುದು ಯಾವ ಬ್ಯಾಟರಿ, ಯಾವ ಪ್ರಿಂಟರ್ ಎಂದು ಯಾರಿಗೂ ಗೊತ್ತಿರುವುದಿಲ್ಲ. ಬದಲಿಸಿದಾಗಲೆಲ್ಲ ದಾಖಲಾಗುವಂತೆ ಮಾಡಿ. ಮೊದಲ ಹಂತದ ಬದಲಾವಣೆ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಈ ದಾಖಲೆಯ ಪಕ್ಕದಲ್ಲಿಟ್ಟು ನೋಡಿ. ನೀವು ಬದಲಾಗುತ್ತದೆ ಅಂದುಕೊಂಡಿದ್ದು ನಿಜಕ್ಕೂ ಬದಲಾಯಿತೇ? ನಮ್ಮ ಮೂರು ತಟ್ಟೆಗಳಲ್ಲಿ ಒಂದನ್ನು ಯಾರೂ ಕೇಳಲೇ ಇಲ್ಲ, ಅದನ್ನು ನಿಲ್ಲಿಸಿದೆವು. ಕೀಪ್ಯಾಡನ್ನು ಬಿಚ್ಚುವಂತೆ ಮಾಡಿದ್ದು ದಂಡವಾಯಿತು, ಮುಂದಿನ ಮಾದರಿಯಲ್ಲಿ ಅದು ಡಿಸ್‌ಪ್ಲೇ ಜೊತೆ ಒಂದಾಗಿ ಸೇರಿಕೊಂಡಿತು. ಮಾಡ್ಯೂಲುಗಳನ್ನು ಮತ್ತೆ ಒಂದು ಮಾಡುವುದಕ್ಕೂ ನಾಚಿಕೆ ಬೇಡ.

ಕೀಲನ್ನೇ ಬದಲಿಸಬೇಕಾದ ದಿನವೂ ಬರುತ್ತದೆ. ಆಗ ಸದ್ದಿಲ್ಲದೆ ಒಂದು ಪಿನ್ನಿನ ಅರ್ಥ ಬದಲಿಸುವುದು ಅತಿ ಕೆಟ್ಟ ದಾರಿ, ಏಕೆಂದರೆ ನೋಡಲು ಕೂರುತ್ತದೆ, ಒಳಗೆ ಸುಡುತ್ತದೆ. ಹೊಸ ಕೀಲಿಗೆ ಹೊಸ ಆಕಾರ ಕೊಡಿ. ಹಳೆಯ ಮಾಡ್ಯೂಲ್ ಅದರಲ್ಲಿ ಕೂರಲೇಬಾರದು, ಕೂರಬೇಕಾದರೆ ಅಡಾಪ್ಟರ್ ಇರಬೇಕು. ಹಳೆಯ ಕೀಲಿನ ಬಿಡಿಭಾಗಗಳು ಯಾವ ವರ್ಷದ ತನಕ ಸಿಗುತ್ತವೆ ಎಂದು ಮೊದಲೇ ಬರೆದು ತಿಳಿಸಿ, ಅಷ್ಟಕ್ಕೆ ಬೇಕಾಗುವ ಚಿಪ್ಪುಗಳನ್ನು ಅವು ನಿಲ್ಲುವ ಮುನ್ನ ಕೊಂಡಿಡಿ.

ನಮ್ಮ ಎಂಟು ಪಿನ್ನಿನ ಕೀಲಿಗೆ ಇನ್ನೂ ಆ ದಿನ ಬಂದಿಲ್ಲ. ಖಾಲಿ ಬಿಟ್ಟಿದ್ದ ಎರಡು ಪಿನ್ನುಗಳಲ್ಲಿ ಒಂದು, ಬ್ಯಾಟರಿ ಪೆಟ್ಟಿಗೆಯ ಬಿಸಿಯನ್ನು ಮುಖ್ಯ ಬೋರ್ಡಿಗೆ ತಿಳಿಸುವ ಕೆಲಸಕ್ಕೆ ಹೋಯಿತು. ಇನ್ನೊಂದು ಖಾಲಿಯೇ ಇದೆ. ಅದನ್ನು ಬಳಸಿಕೊಳ್ಳಲು ತಿಂಗಳಿಗೊಬ್ಬರಾದರೂ ಬಂದು ಕೇಳುತ್ತಾರೆ.